ಜೀವಾಂಕುರದ ನೆಲೆಯನ್ನು ಕಂಡ ಕಾರ್ಲ್ ಎರ್ನ್ಸ್ಟ್ ಫಾನ್ ಬೇರ್

ತಾಯಿಯ ಗರ್ಭದಲ್ಲಿ ಶಿಶುವಿನ ಬೆಳವಣಿಗೆ ಯಾವುದರಿಂದ ಮೊದಲಾಗುತ್ತದೆ ಎಂಬ ಪ್ರಶ್ನೆ ಅತಿ ಪ್ರಾಚೀನವಾದುದು. ಅದರ ಮೂಲವಾದ ಅಂಡಾಣುವನ್ನು ಕಣ್ಣಾರೆ ಕಂಡು ಜಗತ್ತಿಗೆ ತೋರಿದ ಕೀರ್ತಿ ಕಾರ್ಲ್ ಎರ್ನ್ಸ್ಟ್ ಫಾನ್ ಬೇರ್ ಅವರಿಗೆ ಸಲ್ಲುತ್ತದೆ.

ಬೇರ್ ಅವರು 1792ರಲ್ಲಿ, ಅಂದು ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಎಸ್ಟೋನಿಯದಲ್ಲಿ, ಜರ್ಮನ್ ಮನೆಮಾತಿನ ಕುಲೀನ ಕುಟುಂಬವೊಂದರಲ್ಲಿ ಜನಿಸಿದರು. 1814ರಲ್ಲಿ ಡೋರ್ಪಾಟ್ ವಿಶ್ವವಿದ್ಯಾಲಯದಿಂದ ವೈದ್ಯಪದವಿ ಪಡೆದರೂ ಅವರ ಜ್ಞಾನತೃಷೆ ಇಂಗಲಿಲ್ಲ. ಮರುವರ್ಷ ಜರ್ಮನಿಯ ವ್ಯೂರ್ಟ್ಸ್‌ಬುರ್ಗ್‌ನಲ್ಲಿ ಡೋಲಿಂಗರ್ ಎಂಬ ಪ್ರಾಧ್ಯಾಪಕರನ್ನು ಆಶ್ರಯಿಸಿದರು. ಉಪನ್ಯಾಸ ಕೇಳಬಂದ ಶಿಷ್ಯನಿಗೆ ಆ ಗುರು, ಯಾವುದಾದರೊಂದು ಪ್ರಾಣಿಯನ್ನು ತಂದು ತಾನೇ ಛೇದಿಸಿ ನೋಡುವಂತೆ ಸೂಚಿಸಿದರು. ಬೇರ್ ಜಿಗಣೆಯೊಂದಿಗೆ ಅಭ್ಯಾಸ ಆರಂಭಿಸಿದರು.

ಕೋಳಿಮೊಟ್ಟೆಯೊಳಗಿನ ಭ್ರೂಣದ ಬೆಳವಣಿಗೆಯನ್ನು ಕ್ರಮವಾಗಿ ಪರಿಶೀಲಿಸಬೇಕೆಂಬುದು ಡೋಲಿಂಗರ್ ಅವರ ಬಹುದಿನಗಳ ಹಂಬಲವಾಗಿತ್ತು. ಸಾವಿರಾರು ಮೊಟ್ಟೆಗಳ ಬೆಲೆಯನ್ನೂ ಚಿತ್ರಕಾರನ ವೇತನವನ್ನೂ ಭರಿಸುವ ಶಕ್ತಿ ಬೇರ್ ಅವರಿಗಿರಲಿಲ್ಲ. ಅವರು ಸ್ಥಿತಿವಂತ ಗೆಳೆಯ ಪಾಂಡರ್‌ರನ್ನು ಕರೆತಂದರು. ಪಾಂಡರ್ ತಮ್ಮ ಹಣ, ಶ್ರಮ ಎರಡನ್ನೂ ವ್ಯಯಿಸಿ, ಭ್ರೂಣವು ಪದರಪದರವಾಗಿ ರೂಪುಗೊಳ್ಳುವುದನ್ನು 1817ರಲ್ಲಿ ಪ್ರಕಟಿಸಿದರು. ಅದೇ ವರ್ಷ ಕೋನಿಗ್ಸ್‌ಬರ್ಗ್‌ನಲ್ಲಿ ಅಧ್ಯಾಪಕವೃತ್ತಿಯನ್ನು ಕೈಗೊಂಡ ಬೇರ್ ಆ ಅಧ್ಯಯನವನ್ನು ಇತರ ಕಶೇರುಕಗಳಿಗೂ ವಿಸ್ತರಿಸಿದರು.

ಸಸ್ತನಿಗಳ ಅಂಡಾಣುವಿನ ವಿಷಯ ಆಗ ಒಗಟಾಗಿತ್ತು. 1672ರಲ್ಲಿ ಡಚ್ ವೈದ್ಯ ಡಿ ಗ್ರಾಫ್ ವರ್ಣಿಸಿದ ಅಂಡಾಶಯದ ನೀರುಗುಳ್ಳೆಗಳನ್ನೇ ಹಲವರು ಅಂಡವೆಂದು ಭಾವಿಸಿದ್ದರು. ಆದರೆ ಅಂಡನಾಳದಲ್ಲಿ ದೊರೆಯುತ್ತಿದ್ದ ಎಳೆಯ ಭ್ರೂಣಗಳು ಆ ಗುಳ್ಳೆಗಳಿಗಿಂತ ಚಿಕ್ಕವಾಗಿದ್ದವು. ಬೇರ್ ಗರ್ಭಾಶಯದಿಂದ ಅಂಡನಾಳಕ್ಕೆ, ಅಲ್ಲಿಂದ ಅಂಡಾಶಯಕ್ಕೆ ಹಿಂದುಹಿಂದಕ್ಕೆ ಹುಡುಕುತ್ತ ಹೋದರು. 1827ರಲ್ಲಿ ಹಿರಿಯ ಸಹೋದ್ಯೋಗಿ ಬುರ್ಡಾಖ್ ತಮ್ಮ ಮನೆಯ ನಾಯಿಯನ್ನೇ ಈ ಪರೀಕ್ಷೆಗೆ ಒಪ್ಪಿಸಿದರು. ಗುಳ್ಳೆಯೊಳಗೆ ಹಳದಿಯ ಚುಕ್ಕೆಯೊಂದು ಕಂಡಿತು. ಸೂಕ್ಷ್ಮದರ್ಶಕದಲ್ಲಿ ನೋಡಿದ ಬೇರ್ ಸಿಡಿಲು ಬಡಿದವರಂತೆ ಹಿಂಜರಿದರು. ಭ್ರಮೆಯಾಗಿರಬಹುದೆಂಬ ಅಳುಕಿನಿಂದ ಮತ್ತೆ ನೋಡಲು ಧೈರ್ಯ ತಂದುಕೊಳ್ಳಬೇಕಾಯಿತು. ಅದುವೇ ಅಂಡಾಣು. ಮಾನವನ ಅಂಡಾಣುವೂ ಅಷ್ಟೇ ಸೂಕ್ಷ್ಮ. ಮಿಲಿಮೀಟರಿನ ಸುಮಾರು ಹತ್ತನೆಯ ಒಂದು ಭಾಗ.

ಒಮ್ಮೆ ಹೆಸರು ಬರೆಯದೆ ಇರಿಸಿದ್ದ ಎರಡು ಎಳೆಯ ಭ್ರೂಣಗಳು ಹಲ್ಲಿಯವೋ ಹಕ್ಕಿಯವೋ ಸಸ್ತನಿಯವೋ ಎಂದು ಅವರಿಗೇ ತಿಳಿಯದಾಯಿತು. ಈ ಸಂಗತಿಯನ್ನು ಅವರು 1828ರ ತಮ್ಮ ಮಹಾಗ್ರಂಥದಲ್ಲಿ ಮರೆಮಾಚದೆ ದಾಖಲಿಸಿದರು. ಭ್ರೂಣದಲ್ಲಿ ಸಾಮಾನ್ಯ ಲಕ್ಷಣಗಳು ಮೊದಲು ಮೂಡಿ ವಿಶೇಷ ಲಕ್ಷಣಗಳು ಅನಂತರ ತೋರುತ್ತವೆ ಎಂಬುದು ಅವರ ನಿಯಮ. ಪುರುಷಬೀಜಾಣುಗಳನ್ನು ಮಾತ್ರ ಅವರು ಪರೋಪಜೀವಿಗಳೆಂದೇ ತಿಳಿದಿದ್ದರು.

ಅವಿರತ ದುಡಿಮೆಗೆ ದೇಹ ಸೋತಿತು. ಒಂದು ವರ್ಷ ಹಿಮವಿದ್ದಾಗ ಮನೆಯೊಳಗೆ ಸೇರಿದವರು ಮತ್ತೆ ಹೊರಬಂದಾಗ ಹೊಲದಲ್ಲಿ ಪೈರು ತೆನೆಬಿಟ್ಟಿತ್ತು. ಅದನ್ನು ಕಂಡು ಅವರು ಕಣ್ಣೀರಿಟ್ಟರು. ಪ್ರಕೃತಿಯ ನಿಯಮಗಳನ್ನು ಇಂದಲ್ಲ ನಾಳೆ ಯಾರಾದರೂ ಕಂಡುಹಿಡಿದಾರೆಂಬ ವಿವೇಕ ಆಗ ಅವರಲ್ಲಿ ಮೂಡಿತು. 1834ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ಸೇರಿ ಭೂಗೋಳ, ಮೀನುಗಾರಿಕೆ ಮುಂತಾದ ವಿಷಯಗಳತ್ತ ಹೊರಳಿದರು. 1876ರಲ್ಲಿ ಡೋರ್ಪಾಟ್‌ನಲ್ಲಿ ನಿಧನರಾದರು.

ಅಂಡಾಣುವಿನ ಈ ಅರಿವಿನ ತಳಹದಿಯ ಮೇಲೆಯೇ ಮುಂದೆ ಎಡ್ವರ್ಡ್ಸ್ ಮತ್ತು ಸಹೋದ್ಯೋಗಿಗಳು 1969ರಲ್ಲಿ ಮಾನವ ಅಂಡಾಣುವನ್ನು ದೇಹದ ಹೊರಗೆ ಫಲಿತಗೊಳಿಸಿದರು; 1978ರಲ್ಲಿ ಇಂಗ್ಲೆಂಡಿನಲ್ಲಿ ಆ ವಿಧಾನದ ಮೊದಲ ಶಿಶು ಜನಿಸಿತು. ಸ್ವತಃ ನೋಡುವುದನ್ನು ಕಲಿಸಿದ ಗುರು, ಮೊಟ್ಟೆಗಳ ವೆಚ್ಚ ಹೊತ್ತ ಗೆಳೆಯ, ಕಂಡದ್ದನ್ನೂ ಶಂಕಿಸಿ ಮತ್ತೊಮ್ಮೆ ನೋಡಿದ ಶಿಷ್ಯ, ಈ ಮೂವರ ಋಣ ಆ ಸಾಧನೆಯ ಬೇರಿನಲ್ಲಿದೆ.