ದಾಂಡಿಯ ಪಟ್ಟಿಯಲ್ಲಿ ಒಂದು ಕನ್ನಡದ ಹೆಸರು: ಮೈಲಾರ ಮಹಾದೇವಪ್ಪ

1930ರ ಮಾರ್ಚ್ 12ರಂದು ಗಾಂಧೀಜಿಯವರು ಸಾಬರಮತಿ ಆಶ್ರಮದಿಂದ ದಾಂಡಿಯ ಕಡಲತೀರಕ್ಕೆ ಕಾಲ್ನಡಿಗೆಯಲ್ಲಿ ಹೊರಟರು. ತಮ್ಮೊಡನೆ ಹೆಜ್ಜೆ ಹಾಕಲಿರುವವರ ಹೆಸರು, ವಯಸ್ಸು, ಪ್ರಾಂತ ಇವುಗಳ ಪಟ್ಟಿಯನ್ನು ಅವರು ತಮ್ಮ ‘ಯಂಗ್ ಇಂಡಿಯಾ’ ವಾರಪತ್ರಿಕೆಯಲ್ಲಿ ಮೊದಲೇ ಪ್ರಕಟಿಸಿದರು. ಸರ್ಕಾರದ ಕಾನೂನನ್ನು ಮುರಿಯಲು ಹೊರಟವರು ತಮ್ಮ ಗುರುತನ್ನು ಮರೆಮಾಚಬಾರದೆಂಬುದು ಅವರ ನಿಲುವು. ಆ ಪಟ್ಟಿಯಲ್ಲಿ ಗುಜರಾತಿನವರೇ 31 ಮಂದಿ. ಮಹಾರಾಷ್ಟ್ರದವರು 13, ಕೇರಳದವರು 4, ತಮಿಳುನಾಡು ಮತ್ತು ಆಂಧ್ರದಿಂದ ಒಬ್ಬೊಬ್ಬರು. ಕರ್ನಾಟಕದ ಹೆಸರಿನಲ್ಲಿಯೂ ಒಬ್ಬರು: ಮಹಾದೇವ ಮಾರ್ತಾಂಡ, ವಯಸ್ಸು 18.

ಮಾರ್ತಾಂಡ ಎಂಬುದು ತಂದೆಯ ಹೆಸರು. ಮನೆತನದ ಹೆಸರಾದ ಮೈಲಾರ ಆ ಪಟ್ಟಿಯಲ್ಲಿ ಸೇರಿರಲಿಲ್ಲ. ಕನ್ನಡಿಗರು ಇಂದು ಹುತಾತ್ಮ ಮೈಲಾರ ಮಹಾದೇವಪ್ಪ ಎಂದು ಸ್ಮರಿಸುವವರು ಇವರೇ.

ಮಹಾದೇವಪ್ಪನವರು 1911ರ ಜೂನ್ 8ರಂದು ಮೋಟೆಬೆನ್ನೂರಿನಲ್ಲಿ ಜನಿಸಿದರು. ತಂದೆ ಮಾರ್ತಾಂಡಪ್ಪ, ತಾಯಿ ಬಸಮ್ಮ. ಆ ಊರು ಈಗ ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನಲ್ಲಿದೆ. ಅವರು ಹುಟ್ಟಿದ ಕಾಲದಲ್ಲಿ ಹಾವೇರಿ ಜಿಲ್ಲೆಯೂ ಇರಲಿಲ್ಲ, ಕರ್ನಾಟಕವೆಂಬ ರಾಜ್ಯವೂ ಇರಲಿಲ್ಲ. ಮೋಟೆಬೆನ್ನೂರು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಸೊಲ್ಲಾಪುರವೂ ಅದೇ ಮುಂಬಯಿ ಪ್ರಾಂತದಲ್ಲಿತ್ತು. ಜತ್ತ ಮತ್ತು ಅಕ್ಕಲಕೋಟೆ ಪುಟ್ಟ ಸಂಸ್ಥಾನಗಳಾಗಿದ್ದವು. ಕಾಸರಗೋಡು, ತಾಳವಾಡಿ, ಆದವಾನಿ, ರಾಯದುರ್ಗ, ಮಡಕಶಿರಾ ಇವೆಲ್ಲ ಮದರಾಸು ಪ್ರಾಂತದ ಬೇರೆ ಬೇರೆ ಜಿಲ್ಲೆಗಳಲ್ಲಿದ್ದವು. ಕನ್ನಡ ಜನ ಹಲವು ಆಡಳಿತಗಳ ಅಂಚಿನಲ್ಲಿ ಹಂಚಿಹೋಗಿದ್ದ ಕಾಲವದು. ಇಂದು ನಾವು ಗಡಿನಾಡಿನವರೆಂದು ಕರೆಸಿಕೊಳ್ಳುತ್ತೇವೆ. ಅಂದು ಮೈಸೂರು ಸಂಸ್ಥಾನವನ್ನು ಬಿಟ್ಟರೆ ಬಹುಪಾಲು ಕನ್ನಡಿಗರು ಒಂದಲ್ಲ ಒಂದು ಬಗೆಯಲ್ಲಿ ಗಡಿನಾಡಿನವರೇ ಆಗಿದ್ದರು.

ಹಾಗಿದ್ದರೆ ದಾಂಡಿಯ ಪಟ್ಟಿಗೆ ಕರ್ನಾಟಕವೆಂಬ ಹೆಸರು ಬಂದುದು ಹೇಗೆ? 1920ರ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ಸು ತನ್ನ ಪ್ರಾಂತ ಸಮಿತಿಗಳನ್ನು ಭಾಷೆಯ ಆಧಾರದ ಮೇಲೆ ರಚಿಸಲು ತೀರ್ಮಾನಿಸಿತು. ಬ್ರಿಟಿಷರ ನಕ್ಷೆಯಲ್ಲಿ ಇಲ್ಲದ ಕರ್ನಾಟಕ ಹೀಗೆ ಕಾಂಗ್ರೆಸ್ಸಿನ ದಾಖಲೆಗಳಲ್ಲಿ ಮೂಡಿತು. ಸರ್ಕಾರದ ಲೆಕ್ಕದಲ್ಲಿ ಮಹಾದೇವಪ್ಪನವರು ಮುಂಬಯಿ ಪ್ರಾಂತದವರು. ಭಾಷೆಯ ಲೆಕ್ಕದಲ್ಲಿ ಅವರು ಕರ್ನಾಟಕದವರು. ರಾಜ್ಯ ಹುಟ್ಟುವುದಕ್ಕೆ 26 ವರ್ಷ ಮೊದಲೇ ಒಬ್ಬ ತರುಣ ಅದರ ಹೆಸರನ್ನು ಹೊತ್ತು ನಡೆದಿದ್ದರು.

ಎಳವೆಯಲ್ಲಿಯೇ ರಾಷ್ಟ್ರೀಯ ಚಳವಳಿಯ ಸೆಳೆತಕ್ಕೆ ಒಳಗಾದ ಮಹಾದೇವಪ್ಪನವರು ಖಾದಿಯ ಕೆಲಸದ ಮೂಲಕ ಸಾಬರಮತಿಯನ್ನು ತಲುಪಿದರು. ಆಶ್ರಮದ ಶಿಸ್ತಿನಲ್ಲಿ ಬೆಳೆದವರನ್ನೇ ಗಾಂಧೀಜಿಯವರು ಪಾದಯಾತ್ರೆಗೆ ಆರಿಸಿಕೊಂಡರು. ಬಿಡುಬೀಸಾಗಿ ಸೇರಿದ ಜನಜಂಗುಳಿಯಿಂದ ಈ ಕಾರ್ಯ ಸಾಧ್ಯವಾಗದೆಂದು ಅವರು ಅರಿತಿದ್ದರು. ಹೀಗೆ ಅವರೊಡನೆ ಹೊರಟ 78 ಮಂದಿಯಲ್ಲಿ ನಮ್ಮ ನಾಡಿನ ಈ ತರುಣರೂ ಸೇರಿದರು. ಮುಂದಾಳುವಿಗೆ ಆಗ 60 ದಾಟಿತ್ತು. ಮಹಾದೇವಪ್ಪನವರಿಗೆ 19 ತುಂಬಿರಲಿಲ್ಲ.

ಸಾಬರಮತಿಯಿಂದ ದಾಂಡಿಗೆ ಸುಮಾರು 385 ಕಿಲೋಮೀಟರು. ಮಾರ್ಚ್ 12ರಂದು ಆರಂಭವಾದ ಯಾತ್ರೆ ಏಪ್ರಿಲ್ 5ರಂದು ಗುರಿ ಮುಟ್ಟಿತು. ಸೋಮವಾರಗಳು ಗಾಂಧೀಜಿಯವರ ಮೌನದ ದಿನಗಳು. ಆ ದಿನಗಳಲ್ಲಿ ಎಲ್ಲರಿಗೂ ವಿಶ್ರಾಂತಿ. ಅಂತಹ ಮೂರು ಸೋಮವಾರಗಳನ್ನು ಕಳೆದರೆ ನಡಿಗೆಗೆ ಉಳಿದದ್ದು 22 ದಿನ. ದಿನವೊಂದಕ್ಕೆ ಸರಾಸರಿ ಹದಿನೇಳು ಕಿಲೋಮೀಟರಿಗೂ ಹೆಚ್ಚು. ನಸುಕಿನಲ್ಲಿ ಎದ್ದು ಪ್ರಾರ್ಥನೆ, ಬಿಸಿಲೇರುವ ಮುನ್ನ ಒಂದು ಹಂತದ ನಡಿಗೆ, ನಡುಹಗಲಲ್ಲಿ ಯಾವುದಾದರೊಂದು ಹಳ್ಳಿಯಲ್ಲಿ ತಂಗುವಿಕೆ, ಸಂಜೆ ಮತ್ತೊಂದು ಹಂತದ ನಡಿಗೆ, ರಾತ್ರಿ ಮತ್ತೊಂದು ಹಳ್ಳಿಯಲ್ಲಿ ವಾಸ. ನಡೆದು ದಣಿದ ಮೇಲೂ ಪ್ರತಿಯೊಬ್ಬರೂ ನೂಲು ತೆಗೆಯಬೇಕಿತ್ತು, ದಿನಚರಿ ಬರೆಯಬೇಕಿತ್ತು. ಕೆಲವರ ಪಾದಗಳಲ್ಲಿ ಬೊಬ್ಬೆಗಳೆದ್ದವು, ಕೆಲವರು ಜ್ವರದಿಂದ ಬಳಲಿದರು. ಆದರೂ ಈ ನಡಿಗೆ ಅಷ್ಟೇನೂ ಕಠಿಣವಲ್ಲವೆಂಬುದು ಗಾಂಧೀಜಿಯವರ ಅಭಿಪ್ರಾಯವಾಗಿತ್ತು.

ಗುಜರಾತ್ ವಿದ್ಯಾಪೀಠದ ವಿದ್ಯಾರ್ಥಿಗಳ ಒಂದು ತಂಡ ಮುಂಚಿತವಾಗಿಯೇ ಹಳ್ಳಿಗಳಿಗೆ ತೆರಳುತ್ತಿತ್ತು. ಊರಿನ ಜನಸಂಖ್ಯೆ, ಖಾದಿ ತೊಡುವವರ ಸಂಖ್ಯೆ, ದನಕರುಗಳ ಲೆಕ್ಕ, ಉಪ್ಪಿನ ಬಳಕೆ ಮೊದಲಾದ ವಿವರಗಳನ್ನು ಸಂಗ್ರಹಿಸುತ್ತಿತ್ತು. ಹೀಗೆ ಆ ಪಾದಯಾತ್ರೆ ಗ್ರಾಮಭಾರತದ ಪಾಠಶಾಲೆಯೂ ಆಯಿತು. ಮಾರ್ಚ್ 29ರಂದು ಭಟಗಾಂ ಎಂಬ ಊರಿನಲ್ಲಿ ನಡೆದ ಸಂಗತಿ ಅದರ ಕಠಿಣವಾದ ಪಾಠ. ರಾತ್ರಿಯ ನಡಿಗೆಗೆ ಬೆಳಕು ಬೇಕೆಂದು ಭಾರವಾದ ದೀಪವನ್ನು ಕೂಲಿಯವನೊಬ್ಬನ ತಲೆಯ ಮೇಲೆ ಹೊರಿಸಿದ್ದರು. ಯಾತ್ರಿಕರಿಗಾಗಿ ಸೂರತ್ತಿನಿಂದ ಹಾಲು, ತರಕಾರಿ ತರಿಸಿದ್ದರು. ಬಡವರ ಹೆಸರಿನಲ್ಲಿ ನಡೆಯುವವರು ಬಡವನ ತಲೆಗೆ ಭಾರ ಹೊರಿಸಬಾರದೆಂದು ಗಾಂಧೀಜಿಯವರು ತುಂಬಿದ ಸಭೆಯಲ್ಲಿಯೇ ಖಂಡಿಸಿದರು. ತಮ್ಮನ್ನೂ ಆ ಖಂಡನೆಯಿಂದ ಅವರು ಹೊರಗಿಡಲಿಲ್ಲ.

ಏಪ್ರಿಲ್ 6ರಂದು ದಾಂಡಿಯಲ್ಲಿ ಉಪ್ಪಿನ ಕಾನೂನು ಭಂಗವಾಯಿತು. ಅಲ್ಲಿಂದ ಕಿಡಿ ದೇಶದೆಲ್ಲೆಡೆ ಹಾರಿತು. ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಕನ್ನಡ ಕರಾವಳಿಯ ಸತ್ಯಾಗ್ರಹ ಆರಂಭವಾಯಿತು. ಅದೇ ತಿಂಗಳಲ್ಲಿ ಕೆ. ಕೇಳಪ್ಪನವರು ಕೋಳಿಕ್ಕೋಡಿನಿಂದ ಪಯ್ಯನ್ನೂರಿಗೂ, ರಾಜಾಜಿಯವರು ತಿರುಚಿರಾಪಳ್ಳಿಯಿಂದ ವೇದಾರಣ್ಯಕ್ಕೂ ಕಾಲ್ನಡಿಗೆಯಲ್ಲಿ ತಂಡಗಳನ್ನು ಕೊಂಡೊಯ್ದರು. ಮೇ ತಿಂಗಳ ಆರಂಭದಲ್ಲಿ ಗಾಂಧೀಜಿಯವರ ಬಂಧನವಾಯಿತು. ಅದನ್ನು ಪ್ರತಿಭಟಿಸಿ ಸೊಲ್ಲಾಪುರ ಸಿಡಿದೆದ್ದಿತು. ಅಲ್ಲಿ ಸೈನಿಕ ಆಡಳಿತವನ್ನೇ ಹೇರಲಾಯಿತು. ಮಹಾದೇವಪ್ಪನವರೂ ಸೆರೆವಾಸ ಅನುಭವಿಸಿದರು. ಅವರ ಪತ್ನಿ ಸಿದ್ದಮ್ಮನವರೂ ಸಾಬರಮತಿಗೆ ಬಂದು, ಚಳವಳಿಯಲ್ಲಿ ಪಾಲ್ಗೊಂಡು, ಜೈಲು ಕಂಡವರು.

ಊರಿಗೆ ಮರಳಿದ ಮೇಲೆ ಅವರು ಕೀರ್ತಿಯ ನೆರಳಿನಲ್ಲಿ ಕುಳಿತುಕೊಳ್ಳಲಿಲ್ಲ. ಹಾವೇರಿಯ ಸಮೀಪದ ಕೊರಡೂರಿನಲ್ಲಿ ಆಶ್ರಮವೊಂದನ್ನು ಕಟ್ಟಿ ಖಾದಿ ಹಾಗೂ ಗ್ರಾಮಸೇವೆಯಲ್ಲಿ ತೊಡಗಿದರು. ದೂರದ ಗುಜರಾತಿನ ಹಳ್ಳಿಗಳಲ್ಲಿ ಕಲಿತದ್ದನ್ನು ತಮ್ಮದೇ ಹಳ್ಳಿಗಳಲ್ಲಿ ನಡೆಸಿ ನೋಡಿದರು. 1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿ ಮೊದಲಾದಾಗ ಧಾರವಾಡ ಜಿಲ್ಲೆಯ ತರುಣರು ಭೂಗತರಾಗಿ ಹೋರಾಡಿದರು. ಚಾವಡಿಗಳ ಕಡತಗಳನ್ನು ಸುಡುವುದು, ಅಂಚೆಯನ್ನು ತಡೆಯುವುದು, ರೈಲು ಸಂಚಾರಕ್ಕೆ ಅಡ್ಡಿಪಡಿಸುವುದು ಅವರ ಮಾರ್ಗವಾಗಿತ್ತು. ಮಹಾದೇವಪ್ಪನವರು ಅವರ ಮುಂಚೂಣಿಯಲ್ಲಿದ್ದರು.

1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ, ವೀರಭದ್ರ ದೇವಸ್ಥಾನದಲ್ಲಿ ಇರಿಸಿದ್ದ ಸರ್ಕಾರಿ ಕಂದಾಯವನ್ನು ವಶಪಡಿಸಿಕೊಳ್ಳಲು ಅವರ ತಂಡ ಮುಂದಾಯಿತು. ಪೊಲೀಸರ ಗುಂಡಿಗೆ ಮಹಾದೇವಪ್ಪನವರು ಬಲಿಯಾದರು. ಅವರೊಡನೆ ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ ಅವರೂ ಪ್ರಾಣ ತೆತ್ತರು. ಮಹಾದೇವಪ್ಪನವರಿಗೆ ಆಗ 31 ವರ್ಷ. ದಾಂಡಿಯ ನಡಿಗೆ ಮುಗಿದು 13 ವರ್ಷಗಳಾಗಿದ್ದವು. ಸ್ವಾತಂತ್ರ್ಯಕ್ಕೆ ಇನ್ನೂ ನಾಲ್ಕು ವರ್ಷಗಳಿದ್ದವು.

ಇಂದು ಹಾವೇರಿಯ ರೈಲು ನಿಲ್ದಾಣ ಅವರ ಹೆಸರನ್ನು ಹೊತ್ತಿದೆ. 2018ರಲ್ಲಿ ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿಯನ್ನು ಹೊರತಂದಿತು. 2019ರಲ್ಲಿ ದಾಂಡಿಯಲ್ಲಿ ಲೋಕಾರ್ಪಣೆಗೊಂಡ ರಾಷ್ಟ್ರೀಯ ಉಪ್ಪಿನ ಸತ್ಯಾಗ್ರಹ ಸ್ಮಾರಕದಲ್ಲಿ ಪಾದಯಾತ್ರಿಗಳ ಪ್ರತಿಮೆಗಳು ಸಾಲಾಗಿ ನಿಂತಿವೆ.

ಗಡಿಯಾಚೆಗಿನ ಕನ್ನಡ ಶಾಲೆಗಳಿಗೆ ಮಕ್ಕಳನ್ನು ಕಳುಹಿಸುವ ತಂದೆತಾಯಿಗಳಿಗೆ ಈ ಜೀವನವನ್ನು ನಾವು ನೆನಪಿಸುವುದಕ್ಕೆ ಕಾರಣವಿದೆ. ಕನ್ನಡದಲ್ಲಿ ಓದಿದರೆ ಮಗು ತಾನು ಬಾಳುವ ರಾಜ್ಯಕ್ಕೆ ಹೊರಗಿನದಾಗಿಬಿಡುತ್ತದೆಯೋ ಎಂಬ ಅಂಜಿಕೆ ನಮ್ಮ ಅನೇಕ ಮನೆಗಳಲ್ಲಿದೆ. ದಾಂಡಿಯ ಪಟ್ಟಿ ಆ ಅಂಜಿಕೆಗೆ ಉತ್ತರ ಹೇಳುತ್ತದೆ. ಕಾಸರಗೋಡಿನ ಮಗುವಿಗೆ ಅದರಲ್ಲಿ ಕೇರಳದ ನಾಲ್ವರು ಸಿಗುತ್ತಾರೆ, ಕನ್ನಡದ ಒಬ್ಬರೂ ಸಿಗುತ್ತಾರೆ. ಸೊಲ್ಲಾಪುರದ ಮಗುವಿಗೆ ಮಹಾರಾಷ್ಟ್ರದ ಹದಿಮೂವರೊಡನೆ ಮಹಾದೇವಪ್ಪನವರೂ ತನ್ನವರೇ. ತಾಳವಾಡಿಯ ಮಗುವಿಗೂ ಆದವಾನಿಯ ಮಗುವಿಗೂ ಹೀಗೆಯೇ ಎರಡೆರಡು ನಂಟು. ನೆಲದ ನಂಟು, ನುಡಿಯ ನಂಟು ಎರಡನ್ನೂ ಉಳಿಸಿಕೊಳ್ಳಬಹುದು. ಒಂದಕ್ಕಾಗಿ ಇನ್ನೊಂದನ್ನು ತೊರೆಯಬೇಕಿಲ್ಲ.

ತರಗತಿಯಲ್ಲಿ ಉಪ್ಪಿನ ಸತ್ಯಾಗ್ರಹದ ಪಾಠ ಬಂದ ದಿನ ಮನೆಯಲ್ಲಿ ಮಕ್ಕಳೊಡನೆ ಕುಳಿತು ಈ ಹೆಸರನ್ನೊಮ್ಮೆ ಹೇಳಿರೆಂದು ನಾವು ಪೋಷಕರಲ್ಲಿ ವಿನಂತಿಸುತ್ತೇವೆ. ಭೂಪಟವಿದ್ದರೆ ಮೊದಲು ಮೋಟೆಬೆನ್ನೂರನ್ನು ತೋರಿಸಿರಿ, ಬಳಿಕ ದಾಂಡಿಯನ್ನು, ಕಡೆಗೆ ನಿಮ್ಮ ಊರನ್ನು.