ವಾಲ್ಡೆಮಾರ್ ಹ್ಯಾಫ್ಕಿನ್

1898ರಲ್ಲಿ ಪ್ಲೇಗು ಮೈಸೂರು ಸಂಸ್ಥಾನವನ್ನು ಹೊಕ್ಕಿತು. ಮನೆಯಲ್ಲಿ ಇಲಿ ಸತ್ತು ಬಿದ್ದಿತೆಂದರೆ ಸಾಕು, ಜನರು ಊರು ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಬೆಂಗಳೂರಿನ ಸುತ್ತಮುತ್ತಲಿನ ಪ್ಲೇಗಿನಮ್ಮನ ಗುಡಿಗಳು ಆ ದಿನಗಳ ಭೀತಿಯನ್ನು ಇಂದಿಗೂ ನೆನಪಿಗೆ ತರುತ್ತವೆ. ಅದೇ ವರ್ಷ, ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಹುಬ್ಬಳ್ಳಿಯಲ್ಲಿ ಸಾವಿರಾರು ಜನರು ತೋಳೊಡ್ಡಿ ಲಸಿಕೆ ಹಾಕಿಸಿಕೊಂಡರು. ಆ ಲಸಿಕೆಯನ್ನು ಕಂಡುಹಿಡಿದವರೇ ಹ್ಯಾಫ್ಕಿನ್.

ಹ್ಯಾಫ್ಕಿನ್ 1860ರಲ್ಲಿ ಒಡೆಸ್ಸಾ ನಗರದ ಯಹೂದಿ ಕುಟುಂಬವೊಂದರಲ್ಲಿ ಜನಿಸಿದರು. ಮತಾಂತರಕ್ಕೆ ಒಪ್ಪದ ಕಾರಣ ಅಲ್ಲಿ ಅವರ ಏಳಿಗೆಗೆ ದಾರಿಯಿರಲಿಲ್ಲ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಅವರಿಗೆ ಮೊದಲು ದೊರೆತದ್ದು ಗ್ರಂಥಾಲಯದ ಕೆಲಸ. ಬಿಡುವಿನಲ್ಲಿ ಪ್ರಯೋಗ ನಡೆಸಿ ಕಾಲರಾ ಲಸಿಕೆಯನ್ನು ಸಿದ್ಧಪಡಿಸಿ, 1892ರಲ್ಲಿ ಅದನ್ನು ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು. ಮರುವರ್ಷ ಭಾರತಕ್ಕೆ ಬಂದರು.

1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡಾಗ ಸರ್ಕಾರವು ಅವರನ್ನು ಅಲ್ಲಿಗೆ ಕಳುಹಿಸಿತು. ಗ್ರಾಂಟ್ ವೈದ್ಯಕೀಯ ಕಾಲೇಜಿನ ಒಂದು ಕೋಣೆ, ಒಂದು ಪಡಸಾಲೆ, ಒಬ್ಬ ಗುಮಾಸ್ತ, ಕೆಲವರು ಜವಾನರು: ಇಷ್ಟೇ ಅವರ ಪ್ರಯೋಗಶಾಲೆ. ಅಲ್ಲಿ ಸಾಕುತ್ತಿದ್ದುದಾದರೋ ಜೀವಂತ ಪ್ಲೇಗಿನ ಕ್ರಿಮಿಗಳನ್ನು! ಮಾಂಸದ ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಬಿಟ್ಟರೆ ಅವುಗಳಿಂದ ಕ್ರಿಮಿಗಳು ಎಳೆಎಳೆಯಾಗಿ ಕೆಳಗಿಳಿದು ಬೆಳೆಯುತ್ತಿದ್ದವು. ಅವನ್ನು ಕಾಯಿಸಿ ಕೊಂದು ಲಸಿಕೆ ಮಾಡಬೇಕಾಗಿತ್ತು. ಕಾವು ಕಡಮೆಯಾದರೆ ಕ್ರಿಮಿಗಳು ಬದುಕಿ ಉಳಿಯುವ ಅಪಾಯ. ಮಿತಿಮೀರಿದರೆ ಲಸಿಕೆಯೇ ನಿಷ್ಪ್ರಯೋಜಕ. ಶ್ರಮವನ್ನು ತಾಳಲಾರದೆ ಸಹಾಯಕರಲ್ಲಿ ಕೆಲವರು ಹಿಂದೆ ಸರಿದರು. 1897ರ ಜನವರಿ 10ರಂದು ಹ್ಯಾಫ್ಕಿನ್ ಈ ಲಸಿಕೆಯನ್ನೂ ಮೊದಲು ತಾವೇ ಚುಚ್ಚಿಸಿಕೊಂಡರು. 1899ರಲ್ಲಿ ಪ್ರಯೋಗಶಾಲೆಯು ಪರೇಲಿನ ಹಳೆಯ ಸರ್ಕಾರಿ ಭವನಕ್ಕೆ ಸ್ಥಳಾಂತರಗೊಂಡಿತು.

ಕೀರ್ತಿಯು ಹೀಗೆ ಏರುತ್ತಿರುವಾಗಲೇ ವಿಪತ್ತು ಎರಗಿತು. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಗ್ರಾಮದಲ್ಲಿ 107 ಮಂದಿಗೆ ಲಸಿಕೆ ಹಾಕಲಾಯಿತು. ಅವರಲ್ಲಿ 19 ಮಂದಿ ಧನುರ್ವಾಯುವಿನಿಂದ ಸತ್ತರು. ಆ 19 ಮಂದಿಗೂ ಲಸಿಕೆ ತೆಗೆದದ್ದು ಒಂದೇ ಸೀಸೆಯಿಂದ. ಉಳಿದ ಸೀಸೆಗಳ ಲಸಿಕೆ ಪಡೆದವರಿಗೆ ಏನೂ ಆಗಲಿಲ್ಲ. ಲಸಿಕೆಗೆ ಕಾರ್ಬಾಲಿಕ್ ಆಮ್ಲವನ್ನು ಬೆರೆಸುವ ಪದ್ಧತಿಯನ್ನು ಹ್ಯಾಫ್ಕಿನ್ ಕೈಬಿಟ್ಟಿದ್ದರು. ಆದ್ದರಿಂದ ದೋಷವು ಪ್ರಯೋಗಶಾಲೆಯದೇ ಎಂದು ತನಿಖಾ ಆಯೋಗವು ಭಾವಿಸಿತು. ಅವರನ್ನು ಹುದ್ದೆಯಿಂದ ದೂರವಿರಿಸಲಾಯಿತು. ಅವರು 1904ರಲ್ಲಿ ಭಾರತವನ್ನು ಬಿಟ್ಟು ಹೊರಟರು.

ತನಿಖೆಯ ದಾಖಲೆಗಳಲ್ಲಿಯೇ ಬೇರೊಂದು ಸಂಗತಿ ಅಡಗಿತ್ತು. ಆ ದಿನ ಸೀಸೆಯನ್ನು ತೆರೆಯುವಾಗ ಸಹಾಯಕನ ಕೈಯಿಂದ ಇಕ್ಕಳವು ನೆಲಕ್ಕೆ ಬಿದ್ದಿತ್ತು. ಆತ ಅದನ್ನು ಎತ್ತಿಕೊಂಡು, ಕಾರ್ಬಾಲಿಕ್ ದ್ರಾವಣದಲ್ಲಿ ಒಮ್ಮೆ ಅಲ್ಲಾಡಿಸಿ, ಅದರಿಂದಲೇ ಬಿರಡೆಯನ್ನು ಕಿತ್ತಿದ್ದನು. ಧನುರ್ವಾಯುವಿನ ಬೀಜಾಣುಗಳು ಮಣ್ಣಿನಲ್ಲಿರುತ್ತವೆ. ಕ್ಷಣಕಾಲ ಅದ್ದಿದ ಮಾತ್ರಕ್ಕೆ ಸಾಯುವುದಿಲ್ಲ. ಕೆಳಗೆ ಬಿದ್ದ ಉಪಕರಣವನ್ನು ಪಕ್ಕಕ್ಕಿಟ್ಟು ಬೇರೊಂದನ್ನು ತೆಗೆದುಕೊಳ್ಳಬೇಕೆಂಬುದು ಇಂದು ಪ್ರಯೋಗಶಾಲೆಗೆ ಹೊಸದಾಗಿ ಸೇರಿದವರಿಗೂ ಕಲಿಸುವ ಪಾಠ. ಆ ಸಹಾಯಕನಿಗೆ ಅದನ್ನು ಯಾರಾದರೂ ಬಿಡಿಸಿ ಹೇಳಿದ್ದರೋ ಇಲ್ಲವೋ! ಇನ್ನೂ ಒಂದು ಮಾತು. ಧನುರ್ವಾಯುವಿನ ಕ್ರಿಮಿಗಳು ಸೀಸೆಯೊಳಗೆ ಬೆಳೆದಿದ್ದರೆ ದುರ್ವಾಸನೆ ಬರಬೇಕಾಗಿತ್ತು. ಸೀಸೆ ತೆರೆದಾಗ ವೈದ್ಯರಿಗೆ ಅಂಥ ವಾಸನೆ ಬಂದಿರಲಿಲ್ಲ.

ಮಲೇರಿಯ ಸಂಶೋಧಕ ರೊನಾಲ್ಡ್ ರಾಸ್ ಮತ್ತಿತರ ವಿಜ್ಞಾನಿಗಳು ಈ ಅನ್ಯಾಯವನ್ನು ಬಹಿರಂಗವಾಗಿ ಖಂಡಿಸಿದರು. 1907ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಅವರ ಪತ್ರ ಪ್ರಕಟವಾಯಿತು. ಕಳಂಕವು ತೊಳೆದುಹೋಯಿತು. ಹ್ಯಾಫ್ಕಿನ್ ಅದೇ ವರ್ಷ ಕಲ್ಕತ್ತೆಗೆ ಮರಳಿದರಾದರೂ ಅಲ್ಲಿನ ಪ್ರಯೋಗಶಾಲೆಯಲ್ಲಿ ಲಸಿಕೆ ತಯಾರಿಸುವ ಸೌಕರ್ಯವಿರಲಿಲ್ಲ. ನಿವೃತ್ತರಾದ ಮೇಲೆ ಯೂರೋಪಿಗೆ ಹಿಂದಿರುಗಿದರು.

1925ರಲ್ಲಿ ಪರೇಲಿನ ಪ್ರಯೋಗಶಾಲೆಗೆ ಹ್ಯಾಫ್ಕಿನ್ ಸಂಸ್ಥೆಯೆಂದು ಹೆಸರಿಡಲಾಯಿತು. ಐದು ವರ್ಷಗಳ ತರುವಾಯ ಸ್ವಿಟ್ಜರ್‌ಲೆಂಡಿನ ಲೊಸಾನ್ ನಗರದಲ್ಲಿ ಅವರು ಕಾಲವಾದರು.