ಆಡಳಿತಕ್ಕೆ ಅಕ್ಕಾದೇವಿಯ ಪಾಠ

ಗದಗ ತಾಲ್ಲೂಕಿನ ಅಸುಂಡಿಯಂತಹ ಹಳ್ಳಿಗಳಲ್ಲಿ ಮಹಿಳೆಯೊಬ್ಬಳು ಪಂಚಾಯಿತಿ ಅಧ್ಯಕ್ಷೆಯಾಗುವುದು ಈಗ ಸುದ್ದಿಯೇ ಅಲ್ಲ. ಆದರೆ ಆಕೆ ನಿಜವಾಗಿ ಆಡಳಿತ ನಡೆಸಬಲ್ಲಳೇ ಎಂಬ ಸಂಶಯ ಮಾತ್ರ ನಮ್ಮ ಸಮಾಜವನ್ನು ಇನ್ನೂ ಪೂರ್ಣವಾಗಿ ಬಿಟ್ಟಿಲ್ಲ. ಈ ಸಂಶಯಕ್ಕೆ ಉತ್ತರವನ್ನು ದೂರದೇಶಗಳ ಮ್ಯಾನೇಜ್‌ಮೆಂಟ್ ಗ್ರಂಥಗಳಲ್ಲಿ ಅರಸಬೇಕಾಗಿಲ್ಲ. ಇದೇ ಗದಗ ಜಿಲ್ಲೆಯ ಸೂಡಿಯ ಶಾಸನಗಳು ಸುಮಾರು ಸಾವಿರ ವರ್ಷಗಳ ಹಿಂದೆಯೇ ಉತ್ತರವನ್ನು ಕಲ್ಲಿನಲ್ಲಿ ಬರೆದಿಟ್ಟಿವೆ. ಅವು ಹೇಳುವುದು ಕಲ್ಯಾಣ ಚಾಲುಕ್ಯರ ರಾಜಪುತ್ರಿ ಅಕ್ಕಾದೇವಿಯ ವಿಚಾರವನ್ನು.

ಅಕ್ಕಾದೇವಿ ದಶವರ್ಮ ಮತ್ತು ಭಾಗ್ಯವತಿಯರ ಮಗಳು. ಆಕೆಯ ಸೋದರರಾದ ಐದನೆಯ ವಿಕ್ರಮಾದಿತ್ಯ ಮತ್ತು ಜಗದೇಕಮಲ್ಲನೆಂದು ಹೆಸರಾದ ಎರಡನೆಯ ಜಯಸಿಂಹ ಚಾಲುಕ್ಯ ಸಿಂಹಾಸನವನ್ನೇರಿದರು. ಅವರ ತರುವಾಯ 1042ರಲ್ಲಿ ಪಟ್ಟಕ್ಕೆ ಬಂದ ಒಂದನೆಯ ಸೋಮೇಶ್ವರ ಆಕೆಗೆ ಸೋದರಳಿಯ. ಅರಸುಮನೆತನದಲ್ಲಿ ಹುಟ್ಟಿದ್ದು ಆಕೆಗೆ ಅಧಿಕಾರದ ಬಾಗಿಲನ್ನು ತೆರೆಯಿತೆಂಬುದು ನಿಜ. ಆದರೆ ಬಾಗಿಲು ತೆರೆದ ಮಾತ್ರಕ್ಕೆ ನಾಲ್ಕು ದಶಕಗಳ ಕಾಲ ಯಾರೂ ಅಧಿಕಾರದಲ್ಲಿ ಉಳಿಯಲಾರರು. 1010ರಲ್ಲೇ ಆಕೆ ಕಿಸುಕಾಡು ಎಪ್ಪತ್ತರ ಆಡಳಿತ ನಡೆಸುತ್ತಿದ್ದಳು. 1050ರ ದಶಕದಲ್ಲಿಯೂ ಶಾಸನಗಳಲ್ಲಿ ಆಕೆಯ ಹೆಸರು ಆಡಳಿತಗಾರ್ತಿಯಾಗಿಯೇ ಕಾಣಿಸುತ್ತದೆ. ಅರಸರು ಬದಲಾದರೂ ಆಕೆಯ ಮೇಲಿನ ವಿಶ್ವಾಸ ಬದಲಾಗಲಿಲ್ಲ.

ಪಟ್ಟದಕಲ್ಲಿನ ಸುತ್ತಣ ಸೀಮೆಯಾದ ಕಿಸುಕಾಡು ಆಕೆಯ ಕಾರ್ಯಕ್ಷೇತ್ರದ ಕೇಂದ್ರ. ತೊರಗರೆ ಅರುವತ್ತು ಮತ್ತು ಮಾಸವಾಡಿ ನೂರನಲವತ್ತು ಎಂಬ ನಾಡುಗಳೂ ಆಕೆಯ ವಶಕ್ಕೆ ಬಂದವು. ಹಾನಗಲ್ಲಿನ ಕದಂಬ ಮನೆತನದ ಮಯೂರವರ್ಮನನ್ನು ವಿವಾಹವಾದ ಮೇಲೆ ಬನವಾಸಿ ಮತ್ತು ಹಾನಗಲ್ಲು ನಾಡುಗಳ ಆಡಳಿತದಲ್ಲಿಯೂ ಪಾಲುಗೊಂಡಳು. ಮುಂದೆ ಮಗ ತೋಯಿಮದೇವ ಬನವಾಸಿಯ ಅಧಿಕಾರ ವಹಿಸಿದನು. ಇಂದಿನ ಬಾಗಲಕೋಟೆ ಜಿಲ್ಲೆಯ ಅರಸಿಬೀದಿ ಆಗ ವಿಕ್ರಮಪುರವೆಂಬ ಹೆಸರಿನ ಆಕೆಯ ರಾಜಧಾನಿಯಾಗಿತ್ತು. ಊರಿನ ಈಗಿನ ಹೆಸರೂ ಅರಸಿಯ ನೆನಪನ್ನೇ ಉಳಿಸಿಕೊಂಡಿದೆ. ಅಲ್ಲಿ ಆಕೆಯ ಬಿರುದನ್ನು ಹೊತ್ತ ಗೊಣದ ಬೆಡಂಗಿ ಜಿನಾಲಯವಿದ್ದರೆ, ಸೂಡಿಯಲ್ಲಿ ಆಕೆಯ ಹೆಸರಿನ ಅಕ್ಕೇಶ್ವರ ದೇವಾಲಯವಿತ್ತು. ಬಾದಾಮಿ ಸಮೀಪದ ಬೇಲೂರಿನಲ್ಲಿ ಆಕೆ ತ್ರಿಪುರುಷ ದೇವಾಲಯಕ್ಕೆ ದತ್ತಿ ಬಿಟ್ಟು, ವಿದ್ಯಾರ್ಥಿಗಳ ಅನ್ನವಸ್ತ್ರಗಳಿಗೂ ವ್ಯವಸ್ಥೆ ಮಾಡಿದಳು. ಹಲವು ಮತಗಳ ಪ್ರಜೆಗಳನ್ನು ಆಳುವವರಿಗೆ ಪಕ್ಷಪಾತ ಸಲ್ಲದೆಂಬ ತಿಳಿವಳಿಕೆ ಈ ದತ್ತಿಗಳಲ್ಲಿ ವ್ಯಕ್ತವಾಗುತ್ತದೆ.

ಅಕ್ಕಾದೇವಿಯನ್ನು ಸಾಮಾನ್ಯವಾಗಿ ನೆನೆಯುವುದು ಯುದ್ಧದ ಕಾರಣಕ್ಕೆ. 1047ರಲ್ಲಿ ಗೋಕಾಗೆ, ಅಂದರೆ ಇಂದಿನ ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದ ಬೀಡಿನಲ್ಲಿ ಆಕೆಯೇ ಇದ್ದಳು. ರಣಭೈರವಿ ಎಂಬ ಕೀರ್ತಿ ಆಕೆಗೆ ಸಂದಿತು. ಪಠ್ಯಪುಸ್ತಕಗಳಿಗೂ ಸಭಾಭಾಷಣಗಳಿಗೂ ಈ ಚಿತ್ರ ಪ್ರಿಯವಾದದ್ದು ಸಹಜ. ಆದರೆ ಸರ್ಕಾರಿ ಕಡತಗಳ ನಡುವೆ ವೃತ್ತಿಜೀವನ ಕಳೆದ ನನ್ನಂಥವನಿಗೆ ಕೋಟೆಯ ಮುತ್ತಿಗೆಗಿಂತ ಮುಖ್ಯವೆನಿಸುವುದು, ಅದಾದ ಕೆಲವೇ ವರ್ಷಗಳಲ್ಲಿ ಸೂಡಿಯಲ್ಲಿ ನಡೆದ ಶಾಂತವಾದ ಒಂದು ಕಾರ್ಯ.

ಚೋಳರೊಡನೆ ನಡೆದ ದೀರ್ಘ ಸಂಘರ್ಷ ಈ ನಾಡನ್ನು ಜರ್ಜರಿತಗೊಳಿಸಿತ್ತು. ಸೂಡಿ ಸಾಮಾನ್ಯ ಊರಲ್ಲ. ವ್ಯಾಪಾರ ಮತ್ತು ಟಂಕಸಾಲೆಗಳಿಗೆ ಹೆಸರಾದ ಪಟ್ಟಣ. ಅಲ್ಲಿ ಎಂಟು ಸೆಟ್ಟಿಗಳು ಮತ್ತು ಎಂಬತ್ತು ಒಕ್ಕಲುಗಳು ಸೇರಿದ ಸ್ಥಳೀಯ ಸಂಸ್ಥೆಯೊಂದು ಊರಿನ ವ್ಯವಹಾರ ನೋಡಿಕೊಳ್ಳುತ್ತಿತ್ತು. ಯುದ್ಧದ ಒತ್ತಡದಲ್ಲಿ ಅದರ ಕಟ್ಟುಪಾಡುಗಳು ಶಿಥಿಲಗೊಂಡಿದ್ದವು. 1050ರ ಸುಮಾರಿಗೆ ಅಕ್ಕಾದೇವಿಯ ಆಡಳಿತದಲ್ಲಿ ಆಕೆಯ ಅಧಿಕಾರಿಗಳು ಆ ಕಟ್ಟುಪಾಡುಗಳನ್ನು ಪುನರ್ವಿಮರ್ಶಿಸಿ, ನವೀಕರಿಸಿ ಆ ಸಂಸ್ಥೆಗೇ ಮರಳಿ ಒಪ್ಪಿಸಿದರು.

ಈ ನಿರ್ಧಾರದ ಮಹತ್ವವನ್ನು ಅರ್ಥಶಾಸ್ತ್ರದ ದೃಷ್ಟಿಯಿಂದ ನೋಡಬೇಕು. ಯುದ್ಧದಿಂದ ಬೊಕ್ಕಸ ಬರಿದಾದಾಗ ಅರಸರಿಗೆ ಸುಲಭವಾಗಿ ಹೊಳೆಯುವ ದಾರಿ, ಸ್ಥಳೀಯ ಸಂಸ್ಥೆಯನ್ನು ಬದಿಗೊತ್ತಿ ತಮ್ಮ ಅಧಿಕಾರಿಗಳಿಂದಲೇ ತೆರಿಗೆ ಎತ್ತಿಸುವುದು. ಅದರಿಂದ ಒಂದೆರಡು ವರ್ಷ ಹಣ ಬಂದೀತು. ಆದರೆ ವರ್ತಕರು ಊರು ಬಿಟ್ಟರೆ ಮೂರನೆಯ ವರ್ಷ ತೆರಿಗೆ ಹಾಕುವುದಕ್ಕೆ ಯಾರೂ ಉಳಿಯರು. ವ್ಯಾಪಾರ ಬದುಕುವುದು ನಂಬಿಕೆಯಿಂದ, ನಂಬಿಕೆ ಬದುಕುವುದು ನಿಯಮಗಳಿಂದ. ಮುರಿದ ನಿಯಮವನ್ನು ಸರಿಪಡಿಸಿ, ಅದನ್ನು ಪಾಲಿಸಬೇಕಾದವರ ಕೈಗೇ ಕೊಡುವುದು ಉತ್ತಮ ಆಡಳಿತದ ಲಕ್ಷಣ. ಕೋಟೆಗೆ ಮುತ್ತಿಗೆ ಹಾಕುವ ಶಕ್ತಿಯುಳ್ಳವಳು ಅಧಿಕಾರವನ್ನು ಹಂಚುವ ವಿವೇಕವನ್ನೂ ತೋರಿದಳೆಂಬುದು ಗಮನಾರ್ಹ.

ಈ ಚರಿತ್ರೆ ನಮ್ಮ ಕಾಲಕ್ಕೂ ಒಂದು ಪ್ರಶ್ನೆಯನ್ನು ಒಡ್ಡುತ್ತದೆ. ಕರ್ನಾಟಕವು 1983ರ ಕಾಯ್ದೆಯ ಮೂಲಕವೇ ಸ್ಥಳೀಯ ಸಂಸ್ಥೆಗಳಲ್ಲಿ ಮಹಿಳೆಯರಿಗೆ ಶೇಕಡಾ 25ರಷ್ಟು ಸ್ಥಾನ ಮೀಸಲಿಟ್ಟು ದೇಶಕ್ಕೆ ಮಾರ್ಗದರ್ಶಕವಾಯಿತು. 1993ರಲ್ಲಿ ಅದು ಮೂರನೇ ಒಂದು ಭಾಗವಾಯಿತು, 2010ರಲ್ಲಿ ಶೇಕಡಾ 50ಕ್ಕೇರಿತು. ಸ್ಥಾನವೇನೋ ದೊರೆಯಿತು. ಆದರೆ ಅಧ್ಯಕ್ಷೆಯ ಪರವಾಗಿ ಪತಿಯೋ ಮಗನೋ ಸಭೆ ನಡೆಸುವ, ಆಕೆ ಕೇವಲ ಸಹಿ ಹಾಕುವ ಪರಿಪಾಠದ ಬಗ್ಗೆ ಹಲವೆಡೆ ದೂರುಗಳು ಕೇಳಿಬಂದಿವೆ. ಇದಕ್ಕೆ ಮಹಿಳೆಯ ಅಸಾಮರ್ಥ್ಯವನ್ನು ಕಾರಣವಾಗಿ ಹೇಳುವವರಿಗೆ ಇತಿಹಾಸದ ಅರಿವಿಲ್ಲ. ಅಕ್ಕಾದೇವಿಗೆ ನಾಡಿತ್ತು, ಆದಾಯವಿತ್ತು, ಆಕೆಗೆ ಉತ್ತರದಾಯಿಗಳಾದ ಅಧಿಕಾರಿಗಳಿದ್ದರು; ಎಲ್ಲಕ್ಕಿಂತ ಮಿಗಿಲಾಗಿ, ಕೆಲಸ ಕಲಿಯಲು ಸಾಕಷ್ಟು ಕಾಲಾವಕಾಶವಿತ್ತು. ನಮ್ಮ ಅಧ್ಯಕ್ಷೆಗೆ ಸಿಗುವುದು ಸೀಮಿತ ಅವಧಿ, ಅರೆಬರೆ ತರಬೇತಿ ಮತ್ತು ಪಕ್ಕದ ಕುರ್ಚಿಯಲ್ಲಿ ಬಂದು ಕೂರುವ ಬಂಧು.

ಕಡತವನ್ನು ಆಕೆಗೇ ಓದಿ ವಿವರಿಸುವ, ಆಕೆಯ ಆದೇಶಕ್ಕಾಗಿ ಕಾಯುವ, ಬಂಧುವನ್ನು ಸಭೆಯ ಹೊರಗೆ ಇರಿಸುವ ಶಿಸ್ತನ್ನು ಅಧಿಕಾರಿವರ್ಗ ಮೊದಲು ರೂಢಿಸಿಕೊಳ್ಳಬೇಕು. ಅವಧಿ ಸ್ಥಿರವಾಗಿರಬೇಕು, ಹಣಕಾಸಿನ ತರಬೇತಿ ಗಂಭೀರವಾಗಿರಬೇಕು. ಸೂಡಿಯ ಆ ಎಂಬತ್ತೆಂಟು ಮಂದಿ ಒಪ್ಪಿ ಸ್ವೀಕರಿಸಿದ್ದು ಒಬ್ಬ ಹೆಣ್ಣಿನ ಆಡಳಿತ ಕೊಟ್ಟ ವ್ಯವಸ್ಥೆಯನ್ನು. ಅವರಿಗೆ ಸಾಧ್ಯವಾದದ್ದು ನಮಗೆ ಅಸಾಧ್ಯವಾಗಬಾರದು.